ಸಿಗಾರಿನ ಬಾಣಂತನ

ಉಪ್ಪಿನಕಾಯಿಯಂತೆ ಸಿಗಾರೂ ಮಾಗಿದಷ್ಟೂ ರುಚಿ ಎಂಬುದು ಹವಾನಾ ಸಿಗಾರಿನ ಭಕ್ತರ ನಂಬಿಕೆ. ಅದಕ್ಕೆಂದೇ ಮನೆಯಲ್ಲೊಂದು ಹ್ಯೂಮಿಡಾರ್ ಪೆಟ್ಟಿಗೆ. ಒಳಗೆ ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಸೆಡ್ರೆಲಾ ಮರದ ಹಲಗೆ. ತೇವಾಂಶ ಶೇ. 65ರಿಂದ 70, ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್. ಮನೆಯೊಡೆಯ ಸೆಖೆಯಲ್ಲಿ ಬೆಂದರೂ ಸರಿ, ಸಿಗಾರು ಬೇಯಬಾರದು!

ತಿಂಗಳುಗಳು ಕಳೆದಂತೆ ಎಲೆಯೊಳಗಿನ ಅಮೋನಿಯಾ ಹೊರಬಿದ್ದು, ಘಾಟು ಇಳಿದು, ಹೊಗೆ ಮೆದುವಾಗುತ್ತದೆ. ತಾಪ ಏರಿತೋ, ತಂಬಾಕಿನ ಜೀರುಂಡೆಯ ಮೊಟ್ಟೆಯೊಡೆದು ಮರಿಗಳು ಯಜಮಾನನಿಗಿಂತ ಮೊದಲೇ ಪಂಕ್ತಿಯಲ್ಲಿ ಕೂರುತ್ತವೆ.

1962ರಲ್ಲಿ ಕ್ಯೂಬಾದ ವ್ಯಾಪಾರಕ್ಕೆ ನಿಷೇಧ ಹೇರುವ ಮುನ್ನ ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ 1,200 ಸಿಗಾರು ತರಿಸಿಟ್ಟುಕೊಂಡರಂತೆ. ಹೀಗೆಂದವರು ಅವನ್ನು ಹುಡುಕಿ ತಂದ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಅವರೇ.

ಅಂದಹಾಗೆ, ವರ್ಷಗಟ್ಟಲೆ ಮಾಗಿದ ಸಿಗಾರಿನ ಹೊಗೆಯೂ ಕ್ಯಾನ್ಸರ್‌ಕಾರಕವೇ.