ತಪಸ್ಸುಕಾಲದ ಸಂಯಮಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಥೋಲಿಕ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಕುಟುಂಬಗಳ ಸಮುದಾಯಗಳಲ್ಲಿ, ವರ್ಷಕ್ಕೊಮ್ಮೆ ಪ್ರಕಟವಾಗಿ ಈಸ್ಟರ್ ಹಬ್ಬದ ಮಧ್ಯಾಹ್ನದ ಊಟದ ಹೊತ್ತಿಗೆ ಕಣ್ಮರೆಯಾಗುವ ವ್ಯಕ್ತಿವರ್ಗವೊಂದನ್ನು ‘ತಪಸ್ಸುಕಾಲದ ಸಂಯಮಿ’ ಎಂದು ಕರೆಯಬಹುದು. ತಪಸ್ಸುಕಾಲವೆಂದರೆ ಯೇಸು ಅಡವಿಯಲ್ಲಿ 40 ದಿನ ಉಪವಾಸವಿದ್ದುದನ್ನು ನೆನೆದು ಕ್ರೈಸ್ತರು ಪ್ರಾರ್ಥನೆ, ಉಪವಾಸ, ದಾನಗಳಲ್ಲಿ ತೊಡಗುವ ಅವಧಿ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಳ್ಳುವ ವಿಭೂತಿ ಬುಧವಾರದಂದು ಅದು ಆರಂಭವಾಗುತ್ತದೆ. ಸಂಯಮಿಯ ಸಂಯಮವೂ ಅಂದೇ ಆರಂಭವಾಗುತ್ತದೆ, ಏಕೆಂದರೆ ಹಿಂದಿನ ದಿನ ರಾತ್ರಿಯವರೆಗೆ ಅದಕ್ಕೆ ವಿರುದ್ಧವಾದ ಸಿದ್ಧತೆಯಲ್ಲಿ ಆತನು ಮಗ್ನನಾಗಿರುತ್ತಾನೆ.

ಈ ವರ್ಗದ ಮೊದಲ ಲಕ್ಷಣ ಗಣಿತಪ್ರೀತಿ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಅವುಗಳ ನಡುವಿನ 6 ಭಾನುವಾರಗಳು ಪುನರುತ್ಥಾನದ ಸ್ಮರಣೆಯ ದಿನಗಳಾದ್ದರಿಂದ ಅವನ್ನು ಬಿಟ್ಟು 40 ಎಂದು ಲೆಕ್ಕ ಹಾಕುವುದು ರೂಢಿ. ದೈವಶಾಸ್ತ್ರದ ಬೇರಾವ ಸೂಕ್ಷ್ಮವೂ ತಿಳಿಯದ ಸಂಯಮಿಗೆ ಈ ಒಂದು ವ್ಯವಕಲನ ಮಾತ್ರ ಬಾಯಿಪಾಠವಾಗಿರುವುದರಿಂದ, ಆತನು ತೊರೆದ ಮದ್ಯವು ಶನಿವಾರ ಸಂಜೆಯ ಪೂಜೆ ಮುಗಿಯುತ್ತಲೇ, ಭಾನುವಾರದ ಪೂಜೆಯನ್ನು ಹಿಂದಿನ ಸಂಜೆಯೇ ಅರ್ಪಿಸಬಹುದಾದರೆ ಭಾನುವಾರವೂ ಆಗಲೇ ಆರಂಭವಾಗಬೇಕಲ್ಲವೇ ಎಂಬ ತರ್ಕದ ಕೈಹಿಡಿದು, ಮನೆಗೆ ಮರಳುತ್ತದೆ.

ಎರಡನೆಯ ಲಕ್ಷಣ ನಿಯಮನಿಷ್ಠೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಉಪವಾಸ, ಅಂದರೆ ದಿನಕ್ಕೆ ಒಂದೇ ಪೂರ್ಣ ಊಟ, ವಯಸ್ಕರಿಗೆ ಕಡ್ಡಾಯ. ಆ ಕಟ್ಟಳೆ 59 ತುಂಬುತ್ತಲೇ ಸಡಿಲವಾಗುತ್ತದೆ. ಮಾಂಸವರ್ಜನೆಯಾದರೋ 14 ತುಂಬಿದ ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ಮೀನು ಮಾಂಸದ ಲೆಕ್ಕಕ್ಕೆ ಬಾರದು. ಕರಾವಳಿಯಲ್ಲಿ ಈ ವಿನಾಯಿತಿಯ ಪರಿಣಾಮವೇನೆಂದರೆ, ಕೋಳಿಯನ್ನು ತ್ಯಜಿಸಿದ ಸಂಯಮಿಯು ಅದಕ್ಕಿಂತ ದುಬಾರಿಯಾದ ಅಂಜಲ್ ಮೀನನ್ನು ರವೆ ಹಚ್ಚಿ ಹುರಿಸಿಕೊಂಡು, ಮುಳ್ಳನ್ನು ಬಿಡಿಸುವ ಕಷ್ಟವನ್ನೇ ಪ್ರಾಯಶ್ಚಿತ್ತವೆಂದು ಭಾವಿಸಿ, ಪಶ್ಚಾತ್ತಾಪದಿಂದ ಎರಡನೆಯ ತುಂಡಿಗೆ ಕೈ ಚಾಚುತ್ತಾನೆ. ಐದನೆಯ ಶತಮಾನದ ಮಠಾಚಾರ್ಯ ಯೋಹಾನ ಕ್ಯಾಸಿಯನ್ ಹೊಟ್ಟೆಬಾಕತನವನ್ನು ಮೂರು ಬಗೆಯಾಗಿ ವಿಂಗಡಿಸಿ, ಹೊತ್ತಿಗೆ ಮುಂಚೆ ಉಣ್ಣುವುದು ಮತ್ತು ಹೊಟ್ಟೆ ಬಿರಿಯುವಂತೆ ಉಣ್ಣುವುದರ ಜೊತೆಗೆ ರುಚಿಯನ್ನೇ ಆರಿಸಿ ಉಣ್ಣುವುದನ್ನೂ ಅದರಲ್ಲಿ ಸೇರಿಸಿದ್ದನು. ಆತನಿಗೆ ಅಂಜಲ್ ಪರಿಚಯವಿರಲಿಲ್ಲವೆಂಬುದೇ ಸಂಯಮಿಗೆ ಇರುವ ಸಮಾಧಾನ.

ಮೂರನೆಯ ಲಕ್ಷಣ ಪ್ರಕಟಣೆ. ಮದುವೆ ಮನೆಯಲ್ಲಾಗಲಿ ಕಚೇರಿಯ ಕ್ಯಾಂಟೀನಿನಲ್ಲಾಗಲಿ, ಯಾರೂ ಏನನ್ನೂ ಬಡಿಸುವ ಮುನ್ನವೇ ಆತನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, “ಬೇಡ ಮಾರಾಯ್ರೇ, ನಂದು ತಪಸ್ಸುಕಾಲ ಅಲ್ವಾ” ಎಂದು ಮೂರನೆಯ ಪಂಕ್ತಿಗೆ ಕೇಳಿಸುವಷ್ಟು ಮೆಲುದನಿಯಲ್ಲಿ ನಿವೇದಿಸುತ್ತಾನೆ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದು, ಯಾರಿಗೂ ತಿಳಿಯದಂತೆ ಇರಬೇಕೆಂಬ ಬೋಧೆಯು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದ್ದು, ಅದನ್ನು ವಿಭೂತಿ ಬುಧವಾರದ ಪೂಜೆಯಲ್ಲಿಯೇ ಓದಲಾಗುತ್ತದೆ. ಸಂಯಮಿ ಅದನ್ನು ವರ್ಷವರ್ಷವೂ ಕೈಕಟ್ಟಿ ನಿಂತು ಆಲಿಸಿ, ಪಕ್ಕದ ಸಾಲಿನವನು ಕೇಳಿಸಿಕೊಂಡನೇ ಎಂದು ಓರೆಗಣ್ಣಿನಲ್ಲಿ ನೋಡುತ್ತಾನೆ.

ನಾಲ್ಕನೆಯ ಲಕ್ಷಣವು ಮನೆಯವರಿಗೆ ಮಾತ್ರ ಪರಿಚಿತ. ನಾಲಿಗೆಯ ಒಂದು ಕೆಲಸವನ್ನು ನಿಲ್ಲಿಸಿದಾಗ ಅದರ ಇನ್ನೊಂದು ಕೆಲಸವು ಇಮ್ಮಡಿಸುವುದರಿಂದ, ಹಸಿದ ಸಂಯಮಿಯು ಸಾರಿಗೆ ಉಪ್ಪು ಸಾಲದೆಂದು ಹೆಂಡತಿಯ ಮೇಲೆ, ಫೋನು ನೋಡಿದನೆಂದು ಮಗನ ಮೇಲೆ, ಶಿಲುಬೆ ಹಾದಿಯ 14 ಸ್ಥಳಗಳ ಪ್ರಾರ್ಥನೆಯನ್ನು ಎಳೆದಾಡಿದರೆಂದು ಗಾಯನ ವೃಂದದ ಮೇಲೆ, ತನ್ನ ಸ್ಕೂಟರಿಗೆ ಅಡ್ಡವಾಗಿ ಕಾರು ನಿಲ್ಲಿಸಿದನೆಂದು ವಾರ್ಡಿನ ಮುಖಂಡನಾದ ಗುರ್ಕಾರನ ಮೇಲೆ ಸರದಿಯಂತೆ ಹರಿಹಾಯುತ್ತಾನೆ. ತಂದೆ ಈ ವರ್ಷ ಏನನ್ನು ತ್ಯಜಿಸುವರೆಂಬ ಚರ್ಚೆ ನಡೆದಾಗ, ದಯವಿಟ್ಟು ಏನನ್ನೂ ತ್ಯಜಿಸದಿರಲಿ ಎಂದು ಮಕ್ಕಳು ಪ್ರಾರ್ಥಿಸುವುದು ಇದೇ ಕಾರಣಕ್ಕೆ.

ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಈ ಸಂದರ್ಭದಲ್ಲಿ ಗಮನಿಸಬಹುದು. ಅಲ್ಲಿ ಪವಿತ್ರಾತ್ಮನ ಫಲವೆಂದು ಹೆಸರಿಸಿದ ಒಂಬತ್ತು ಗುಣಗಳಲ್ಲಿ ಆತ್ಮಸಂಯಮವು ಕೊನೆಯದು. ಅದಕ್ಕೆ ತುಸು ಮುಂಚೆಯೇ ಶರೀರಭಾವದ ಕರ್ಮಗಳ ಪಟ್ಟಿಯೊಂದಿದ್ದು, ಅದರ 15 ದೋಷಗಳಲ್ಲಿ ಕುಡಿತ ಮತ್ತು ದುಂದೌತಣಗಳಿಗೆ ಸಂಬಂಧಿಸಿದವು ಎರಡಾದರೆ, ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಕಕ್ಷಿಭೇದ ಮೊದಲಾಗಿ ಮನುಷ್ಯರು ಪರಸ್ಪರ ಕಚ್ಚಾಡುವುದಕ್ಕೆ ಸಂಬಂಧಿಸಿದವು ಎಂಟು. ಸಂಯಮಿಯು ಎರಡನ್ನು ಹಿಡಿದು ಎಂಟನ್ನು ಬಿಟ್ಟಿರುವುದಕ್ಕೆ ಕಾರಣವೂ ಸ್ಪಷ್ಟ: ಗ್ಲಾಸನ್ನು ದೂರ ಸರಿಸಿದ್ದು ಎಲ್ಲರಿಗೂ ಕಾಣುತ್ತದೆ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡದ್ದು ಯಾರಿಗೂ ಕಾಣುವುದಿಲ್ಲ. ಅಲ್ಲದೆ ಫಲವೆಂದಮೇಲೆ ಅದು ಒಳಗಿನಿಂದ ನಿಧಾನವಾಗಿ ಬಲಿಯಬೇಕಾದ್ದು. ಸಂಯಮಿಗಾದರೋ ಅದು ಮುಕ್ತಾಯದ ದಿನಾಂಕವಿರುವ ಕರಾರು, ಈಸ್ಟರಿನಂದು ಹಂದಿಮಾಂಸ ಮತ್ತು ಸಾನ್ನವೆಂಬ ಅಕ್ಕಿ ಕಡುಬುಗಳ ಸಮೇತ ಬಾಕಿ ವಸೂಲಾಗುವ ವ್ಯವಹಾರ.

ಆದರೂ ಈ ವರ್ಗದವರಲ್ಲಿ ಕೆಲವರು ನಿಜಕ್ಕೂ ಬೆಳೆಯುವುದುಂಟು. ಧರ್ಮಸಭೆಯ ಪಂಚಾಂಗದಲ್ಲಿ ಹಬ್ಬವೂ ವ್ರತವೂ ಅಲ್ಲದ, ಗುರುಗಳು ಹಸಿರು ವಸ್ತ್ರ ಧರಿಸುವ 33 ಅಥವಾ 34 ವಾರಗಳಿಗೆ ‘ಸಾಧಾರಣ ಕಾಲ’ ಎಂದು ಹೆಸರು. ಬೆಳವಣಿಗೆ ನಡೆಯುವುದು ಹೆಚ್ಚಾಗಿ ಅಲ್ಲಿ. ಆಗಸ್ಟ್ ತಿಂಗಳ ಯಾವುದೋ ಮಳೆಯ ಮಂಗಳವಾರ, ಉಪ್ಪು ಕಡಿಮೆಯಾದ ಸಾರನ್ನು ಬಾಯಿಗಿಟ್ಟವನು ಏನೂ ಹೇಳದೆ ಉಪ್ಪಿನ ಡಬ್ಬಿಯನ್ನು ತಾನೇ ಎದ್ದು ತಂದರೆ, ಅದು 40 ದಿನಗಳ ಮಾಂಸವರ್ಜನೆಗಿಂತ ಕಠಿಣವಾದ ಸಾಧನೆ. ಆದರೆ ಅಂಥವನನ್ನು ಮುಂದೆ ಈ ವರ್ಗದಲ್ಲಿ ಸೇರಿಸಲು ಬಾರದು. ಆತನ ತಪಸ್ಸುಕಾಲವನ್ನು ಉಳಿದ ಕಾಲದಿಂದ ಬೇರ್ಪಡಿಸುವ ಯಾವ ಲಕ್ಷಣವೂ ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ, ಆತನಿಗೆ ಸಂಯಮವೇ ಇಲ್ಲವೆಂದು ಊರಿನ ಇತರ ಸಂಯಮಿಗಳು ತೀರ್ಮಾನಿಸಿರುತ್ತಾರೆ.