ಅಳಿಯನ ಕ್ಲಚ್ಚು

ಬೈಕಿಗೆ ದುಡ್ಡು ಸುರಿಯುವುದಕ್ಕೂ ಒಂದು ನ್ಯಾಯ ಉಂಟು. ಸುರಿದದ್ದು ನಾಲ್ಕು ಜನಕ್ಕೆ ಕಾಣಬೇಕು, ಕಾಣದಿದ್ದರೆ ಕೇಳಬೇಕು. ನಮ್ಮ ಕನ್ಯಾನದ ಹುಡುಗರು ಈ ನ್ಯಾಯ ತಪ್ಪಿದವರಲ್ಲ. ಎದುರು ಬರುವವನನ್ನು ಚರಂಡಿಗೆ ಇಳಿಸುವ ಲೈಟು, ಗಾಡಿ ಇನ್ನೂ ಉಕ್ಕುಡದಲ್ಲಿರುವಾಗಲೇ ನಮ್ಮ ಜಗಲಿಗೆ ಬಂದು ಮುಟ್ಟುವ ಸೈಲೆನ್ಸರು, ಟ್ಯಾಂಕಿನ ಮೇಲೆ ಹಲ್ಲು ಕಿರಿದ ಹುಲಿಯ ಸ್ಟಿಕ್ಕರು. ಆದರೆ ನನ್ನ ಅಳಿಯ, ಅಂದರೆ ಅಕ್ಕನ ಮಗ, ತರಿಸಿದ್ದು ಎಂಜಿನ್ನಿನ ಹೊಟ್ಟೆಯೊಳಗೆ, ಮುಚ್ಚಳದ ಮರೆಯಲ್ಲಿ, ಆಯಿಲ್ ಮೆತ್ತಿಕೊಂಡು ಕೂರುವ ಸಾಮಾನು. ಸ್ಲಿಪ್ಪರ್ ಕ್ಲಚ್. ಅದು ಕಾಣುವುದಿಲ್ಲ. ನೆಟ್ಟಗೆ ಕೆಲಸ ಮಾಡಿದರೆ ಕೇಳುವುದೂ ಇಲ್ಲ. ಹಾಗಾಗಿ ಅದನ್ನು ಊರಿಗೆ ಸಾರುವ ಹೊಣೆ ಪೂರಾ ಅವನ ಬಾಯಿಯ ಮೇಲೆ ಬಿತ್ತು.

ಬಾಯಿ ಆ ಹೊಣೆಯನ್ನು ಚೆನ್ನಾಗಿಯೇ ಹೊತ್ತಿತು. ಈಗ ನಮ್ಮಲ್ಲಿ ಹಾಲಿನ ಸೊಸೈಟಿಗೆ ಬರುವವರಿಗೂ ಬ್ಯಾಕ್ ಟಾರ್ಕ್ ಗೊತ್ತು. ಅಡಿಕೆ ಸುಲಿಯಲಿಕ್ಕೆ ಬರುವವರಿಗೂ ಗೊತ್ತು. ಮೊನ್ನೆ ಪೂಜೆಗೆ ಬಂದ ಭಟ್ಟರು ದಕ್ಷಿಣೆ ತೆಗೆದುಕೊಂಡು ಸ್ಕೂಟರು ಹತ್ತುವಾಗ, "ಇದಕ್ಕೂ ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳಿದರಂತೆ. ಸ್ಕೂಟರಿಗೆ ಗೇರೇ ಇಲ್ಲ ಎಂದು ಅಳಿಯ ಬೇಸರದಿಂದಲೇ ಹೇಳಿದ. ಒಂದು ಗಿರಾಕಿ ತಪ್ಪಿತಲ್ಲ.

ಕ್ರಯದ ವಿಷಯದಲ್ಲಿ ಮಾತ್ರ ಅವನು ಬಹಳ ಮಿತಭಾಷಿ. ಅಪ್ಪನಿಗೆ ಹೇಳಿದ ಲೆಕ್ಕ ಬೇರೆ, ಗೆಳೆಯರಿಗೆ ಹೇಳಿದ್ದು ಬೇರೆ. ಎರಡರ ನಡುವೆ ಒಂದು ಹಳೆ ಮೊಪೆಡ್ ಕೊಳ್ಳಬಹುದು. ನಮ್ಮ ಭಾವ ಎಲ್ಲ ಕ್ರಯವನ್ನೂ ಚಾಲಿ ಅಡಿಕೆಗೆ ಪರಿವರ್ತಿಸಿಯೇ ಅರ್ಥ ಮಾಡಿಕೊಳ್ಳುವ ಮನುಷ್ಯ. ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಹುಟ್ಟಿದ 1973ರಿಂದ ಅವರಿಗೆ ಬೇರೆ ಕರೆನ್ಸಿಯೇ ಇಲ್ಲ. "ಎಷ್ಟು ಕಿಲೋ ಆಯ್ತು?" ಎಂದು ಕೇಳಿದರು. ಅಳಿಯ ಬಹಳ ಪ್ರಾಮಾಣಿಕವಾಗಿ, "ಒಂದೂವರೆ ಕಿಲೋ ಇರಬಹುದು ಅಪ್ಪ" ಎಂದು ಕ್ಲಚ್ಚಿನ ತೂಕ ಹೇಳಿದ. ಭಾವ ಸಮಾಧಾನದಿಂದ ಎಲೆ ಹಾಕಲಿಕ್ಕೆ ಹೋದರು.

ಇನ್ನು ವಿಷಯಕ್ಕೆ ಬರುವ. ಕನ್ಯಾನದವರು ಇಲ್ಲಿಂದ ಎರಡು ಪ್ಯಾರಾ ಬಿಟ್ಟು ಓದಬಹುದು, ನಿಮಗೆ ಬಾಯಿಪಾಠ ಆಗಿದೆ.

ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ. ಬಿಟ್ಟಾಗ ಯಜಮಾನಿಕೆ ಬದಲಾಗುತ್ತದೆ. ಓಡುತ್ತಿರುವ ಚಕ್ರವೇ ಎಂಜಿನ್ನನ್ನು ಎಳೆದುಕೊಂಡು ಹೋಗಬೇಕು. ಈ ಉಲ್ಟಾ ಎಳೆತವೇ ಬ್ಯಾಕ್ ಟಾರ್ಕ್. ಎಂಜಿನ್ನು ಒಲ್ಲೆ ಎನ್ನುತ್ತದೆ. ಅದೇ ಎಂಜಿನ್ ಬ್ರೇಕಿಂಗ್, ಘಾಟಿ ಇಳಿಯುವಾಗ ನಮ್ಮ ಪ್ರಾಣ ಕಾಯುವ ವಸ್ತು. ಆದರೆ ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದವನು ತಿರುವು ಕಂಡ ಗಾಬರಿಗೆ ಸರಸರ ಎರಡನೆಯದಕ್ಕೆ ಒದ್ದು ಕ್ಲಚ್ ಕೈಬಿಟ್ಟರೆ ಆ ಒಲ್ಲೆ ಎಂಬುದು ಜಗಳವಾಗುತ್ತದೆ. ಮುಂದಿನ ಬ್ರೇಕೂ ಹಿಡಿದಿರುತ್ತಾನೆ, ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗಿರುತ್ತದೆ. ಅದು ರಸ್ತೆ ಹಿಡಿಯಲಾರದೆ ಟಕಟಕ ಕುಣಿಯುತ್ತದೆ, ಇಲ್ಲವೇ ಸೊಂಟ ತಿರುಗಿಸಿ ಪಕ್ಕಕ್ಕೆ ಜಾರುತ್ತದೆ. ಎಂಜಿನ್ನು ದೊಡ್ಡದು, ಸಿಲಿಂಡರು ಒಂದೇ ಎಂದಾದರೆ ಕುಣಿತ ಇನ್ನೂ ಜೋರು. ಅಳಿಯನದ್ದು ಅಂಥದ್ದೇ: 373 ಸಿಸಿಯ ಹಳೆ 390 ಡ್ಯೂಕ್, 2013ರಲ್ಲಿ ಬಂದ ಮೊದಲ ತಂಡದ್ದು, ಇನ್ಯಾರೋ ಓಡಿಸಿ ಬಿಟ್ಟದ್ದು. ಆ ತಂಡಕ್ಕೆ ಸ್ಲಿಪ್ಪರ್ ಕ್ಲಚ್ ಇರಲಿಲ್ಲ, ಆಮೇಲೆ ಕಂಪನಿಯೇ ಹಾಕಿ ಕೊಡಲಿಕ್ಕೆ ಶುರು ಮಾಡಿತು. ತನ್ನದಕ್ಕೆ ಇಲ್ಲದ್ದು ತಮ್ಮನ ವಯಸ್ಸಿನ ಗಾಡಿಗೆ ಇದೆ ಎಂಬ ಸಂಕಟ ಅನುಭವಿಸಿದವರಿಗೇ ಗೊತ್ತು.

ಸ್ಲಿಪ್ಪರ್ ಕ್ಲಚ್ಚಿನ ಹಬ್ಬಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಓರೆಯಾಗಿ ಕಡೆದ ಇಳಿಜಾರುಗಳಿರುತ್ತವೆ. ಎಂಜಿನ್ನು ಚಕ್ರವನ್ನು ಎಳೆಯುವಾಗ ಅವು ಸುಮ್ಮನಿರುತ್ತವೆ. ಚಕ್ರ ಎಂಜಿನ್ನನ್ನು ಎಳೆಯತೊಡಗಿದರೆ, ಡಬ್ಬಿಯ ಮುಚ್ಚಳ ತಿರುಗಿಸಿದಾಗ ಮೇಲೇಳುವ ಹಾಗೆ, ಇಳಿಜಾರಿನ ಮೇಲೆ ಇಳಿಜಾರು ಹತ್ತಿ ಪ್ರೆಷರ್ ಪ್ಲೇಟು ಕೂದಲೆಳೆಯಷ್ಟು ಏಳುತ್ತದೆ, ಪ್ಲೇಟುಗಳ ಹಿಡಿತ ಸಡಿಲಾಗಿ ಅಷ್ಟಿಷ್ಟು ಜಾರುತ್ತವೆ. ಜಗಳ ತಪ್ಪಿತು. ಪೂರ್ತಿ ಬಿಡುವುದಿಲ್ಲ, ಎಳೆತ ಮಿತಿ ಮೀರಿದಾಗ ಮಾತ್ರ. ಆದ್ದರಿಂದ "ಘಾಟಿಯಲ್ಲಿ ಎಂಜಿನ್ ಬ್ರೇಕೇ ಸಿಗುವುದಿಲ್ಲವಂತೆ" ಎಂದು ವಿಟ್ಲದ ಹೋಟೆಲಿನಲ್ಲಿ ಹಬ್ಬಿದ ಸುದ್ದಿ ಸುಳ್ಳು. ಇತ್ತೀಚಿನವುಗಳಲ್ಲಿ ಇನ್ನೊಂದು ಜೋಡಿ ಇಳಿಜಾರು ಎದುರು ದಿಕ್ಕಿಗೂ ಇರುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಅದು ಪ್ಲೇಟುಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದರಿಂದ ಮೆತ್ತಗಿನ ಸ್ಪ್ರಿಂಗು ಸಾಕು, ಕೈಗೆ ಲಿವರು ಹಗುರ. ಅಸಿಸ್ಟ್ ಎಂದು ಬರೆದಿರುವುದು ಅದಕ್ಕೇ.

ನಮ್ಮ ಕಾಲದಲ್ಲಿ ಇದರ ಗೊಡವೆಯೇ ಇರಲಿಲ್ಲ. ನನ್ನಲ್ಲಿದ್ದದ್ದು ಆರ್‌ಎಕ್ಸ್ 100. 98 ಸಿಸಿ, 11 ಕುದುರೆ, ಕುದುರೆಗಿಂತ ಹೆಚ್ಚು ಹೊಗೆ. ಟೂ ಸ್ಟ್ರೋಕಿಗೆ ಎಂಜಿನ್ ಬ್ರೇಕಿಂಗ್ ನಾಮಕಾವಸ್ತೆ. ಇಳಿಜಾರಿನಲ್ಲಿ ಅದು ಸವಾರನ ದೈವಭಕ್ತಿಯ ಮೇಲೆ ಇಳಿಯುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕುವವರೆಗೂ ಮಾಡಿದ ಯೆಜ್ಡಿಗಳಲ್ಲಿ ಇನ್ನೊಂದು ತಮಾಷೆ ಇತ್ತು. ಗೇರಿನ ಪೆಡಲು ಒತ್ತಿದರೆ ಸಾಕು, ಕ್ಲಚ್ಚು ತಾನಾಗಿ ಬಿಡುತ್ತಿತ್ತು, ಕೈಯಲ್ಲಿ ಹಿಡಿಯಲೇಬೇಕೆಂದಿರಲಿಲ್ಲ. ಅದೇ ಪೆಡಲನ್ನು ತಿರುಗಿಸಿದರೆ ಕಿಕ್ಕರು. ಇದನ್ನು ಹೇಳಿದಾಗ ಅಳಿಯ, "ಮಾವಾ, ಅದೆಲ್ಲ ಮ್ಯೂಸಿಯಂ" ಎಂದ. ಹೌದು, ಮ್ಯೂಸಿಯಮ್ಮಿನಲ್ಲಿ ಇಟ್ಟರೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೇಸಿನಲ್ಲೂ ಇದೇ ಕತೆ. ಗ್ರ್ಯಾನ್ ಪ್ರೀಯಲ್ಲಿ 500 ಸಿಸಿಯ ಟೂ ಸ್ಟ್ರೋಕುಗಳು ಆಳುತ್ತಿದ್ದಷ್ಟು ಕಾಲ ಈ ಕ್ಲಚ್ಚನ್ನು ಹೆಚ್ಚಿನವರು ತಿರುಗಿ ನೋಡಲಿಲ್ಲ. ನಡುವೆ ಹೋಂಡಾ ಹಟಕ್ಕೆ ಬಿದ್ದು ಎನ್‌ಆರ್ 500 ಎಂಬ ಫೋರ್ ಸ್ಟ್ರೋಕ್ ಗಾಡಿಯನ್ನು ಇಳಿಸಿದಾಗ ಅದರ ಎಂಜಿನ್ ಬ್ರೇಕನ್ನು ತಾಳಲಿಕ್ಕೆ ಸ್ಲಿಪ್ಪರ್ ಕ್ಲಚ್ಚೂ ಬಂತು. ಮುಂದೆ 2002ರಲ್ಲಿ ಮೋಟೊ ಜಿಪಿಗೆ 990 ಸಿಸಿಯ ಫೋರ್ ಸ್ಟ್ರೋಕುಗಳು ಬಂದ ಮೇಲೆ ಇದಿಲ್ಲದೆ ಫೋರ್ ಸ್ಟ್ರೋಕಿನವರು ಗಾಡಿ ಹೊರಗೆ ತೆಗೆಯುವುದೇ ಅಪರೂಪವಾಯಿತು. ಇಟಲಿಯ ಎಸ್‌ಟಿಎಂ, ಸ್ವಿಟ್ಜರ್ಲೆಂಡಿನ ಸೂಟರ್ ಮುಂತಾದವರು ಬಿಡಿಯಾಗಿ ಮಾರಿದರು. ನಮ್ಮಲ್ಲಿ ನಿಂಜಾ 300, ಆಮೇಲೆ ಡಾಮಿನಾರ್, 2018ರ ಆರ್15 ಎಂದು ಇಳಿಯುತ್ತಾ ಇಳಿಯುತ್ತಾ ಕಾಲೇಜಿನ ಗೇಟಿಗೂ ಬಂದು ಮುಟ್ಟಿತು.

ಭಾನುವಾರ ಅಕ್ಕನ ಮನೆಯ ಅಂಗಳದಲ್ಲಿ ಶಸ್ತ್ರಚಿಕಿತ್ಸೆ. ಮೆಕ್ಯಾನಿಕ್ ವಿಟ್ಲದ ಕಡೆಯಿಂದ ಬಂದಿದ್ದ. ನೋಡಲಿಕ್ಕೆ ಬಂದವರಿಗೆ ಅಕ್ಕ ಎರಡು ಸಲ ಚಹಾ ಮಾಡಿದಳು. ಹಿಂದಿನ ರಾತ್ರಿಯೇ ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಂಜಿನ್ ಆಯಿಲಿನಲ್ಲಿ ನೆನೆಹಾಕಬೇಕು, ಒಣಗಿದ ಪ್ಲೇಟು ಹಾಕಿದರೆ ಉರಿದು ಹೋಗುತ್ತದೆ. ನೆನೆಹಾಕಿದ್ದು ಯಾವುದರಲ್ಲಿ ಎಂದರೆ ಅಕ್ಕ ಪತ್ರೊಡೆಯ ಹಿಟ್ಟು ಕಲಸುವ ಬೋಗುಣಿಯಲ್ಲಿ. ಆ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ, ಈ ವರ್ಷ ನಮಗೆ ಪತ್ರೊಡೆ ಬಂದಿಲ್ಲ.

ಬೈಕನ್ನು ಎಡಕ್ಕೆ ಚೆನ್ನಾಗಿ ವಾಲಿಸಿ ನಿಲ್ಲಿಸಿದರೆ ಬಲಬದಿಯ ಕ್ಲಚ್ ಕವರು ಮೇಲಾಗುತ್ತದೆ, ಆಯಿಲ್ ಚೆಲ್ಲುವುದಿಲ್ಲ. ಕವರು ಬಿಚ್ಚಿ, ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರು ಸ್ವಲ್ಪಸ್ವಲ್ಪವೇ ಸಡಿಲಿಸಿ, ಪ್ರೆಷರ್ ಪ್ಲೇಟು ತೆಗೆದರೆ ಒಳಗೆ ಒಂದರ ಮೇಲೊಂದು ಫ್ರಿಕ್ಷನ್, ಸ್ಟೀಲು, ಫ್ರಿಕ್ಷನ್, ಸ್ಟೀಲು. ಅವನ್ನು ತೆಗೆದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಎಲ್ಲರೂ ಸುಮ್ಮನಾದದ್ದು ನಡುವಿನ ನಟ್ಟಿಗೆ ಬಂದಾಗ. ಹಬ್ಬನ್ನು ಹಿಡಿದಿರುವ ದೊಡ್ಡ ನಟ್ಟು ಅದು; ಬಿಚ್ಚಲಿಕ್ಕೆ ಹೋದರೆ ಹಬ್ಬೇ ಜೊತೆಗೆ ತಿರುಗುತ್ತದೆ. ಸ್ಕ್ರೂಡ್ರೈವರ್ ಸಿಕ್ಕಿಸಿ ತಡೆಯುವ ಶೂರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅಲ್ಯೂಮಿನಿಯಮ್ಮಿನ ಹಲ್ಲು ಮುರಿದ ಮೇಲೆ ಮೌನಿಗಳಾಗುತ್ತಾರೆ. ಈ ಮೆಕ್ಯಾನಿಕ್ ಹಾಗಲ್ಲ. ಉದ್ದ ಹಿಡಿಯ ಹಬ್ ಹೋಲ್ಡರ್ ತೆಗೆದ, ಹಲ್ಲಿಗೆ ಕಚ್ಚಿಸಿದ, ಹಿಡಿಯನ್ನು ಭಾವನ ಕೈಗೆ ಕೊಟ್ಟು, "ಅಣ್ಣೇರೆ, ಗಟ್ಟಿ ಹಿಡ್ಕೊಳ್ಳಿ" ಎಂದ. ಮಡಚಿದ ಲಾಕ್ ವಾಷರಿನ ಕಿವಿಯನ್ನು ಉಳಿಯಿಂದ ನಾಜೂಕಾಗಿ ನೆಟ್ಟಗೆ ಮಾಡಿ ಒಂದೇ ಎಳೆತ ಎಳೆದ. ಕಟ್ ಎಂದಿತು. ಏನೋ ಮುರಿಯಿತು ಎಂದು ಅಕ್ಕ ಒಳಗಿಂದ ಓಡಿಬಂದಳು.

ಹೊಸದನ್ನು ಕೂರಿಸುವ ಮೊದಲು ಮೆಕ್ಯಾನಿಕ್ ಎಲ್ಲ ಪ್ಲೇಟು ಜೋಡಿಸಿ ವರ್ನಿಯರಿನಲ್ಲಿ ಒಟ್ಟು ದಪ್ಪ ಅಳೆದ. ಇದೇ ಇಡೀ ಕೆಲಸದ ಜೀವ. ದಪ್ಪ ಹೆಚ್ಚುಕಡಿಮೆಯಾದರೆ ಆ ಇಳಿಜಾರುಗಳ ಲೆಕ್ಕ ತಪ್ಪುತ್ತದೆ. ಬೇಕಾದಾಗ ಜಾರದೆ ಬೇಡವಾದಾಗ ಜಾರುತ್ತದೆ. ಕಾರ್ಖಾನೆಯಲ್ಲಿ ಇದನ್ನು ಯಾರೋ ಮೊದಲೇ ಸರಿ ಮಾಡಿಟ್ಟಿರುತ್ತಾರೆ, ಹೊರಗಿನಿಂದ ತಂದು ಹಾಕುವವನು ತಾನೇ ನೋಡಿಕೊಳ್ಳಬೇಕು. ಅವನು ಒಂದು ಸ್ಟೀಲ್ ಪ್ಲೇಟು ಬದಲಿಸಿ ಮತ್ತೆ ಅಳೆದ, ತಲೆ ಆಡಿಸಿದ. ನನಗೆ ಆ ಸಾಮಾನಿಗಿಂತ ಆ ತಲೆ ಆಡಿಸಿದ್ದರ ಮೇಲೆ ಹೆಚ್ಚು ಭರವಸೆ ಬಂತು. ಹಬ್ಬೇನೋ ನೋಡಲಿಕ್ಕೆ ದೇವರ ಪೆಟ್ಟಿಗೆಯಲ್ಲಿ ಇಡುವಷ್ಟು ಚಂದ. ಕವರು ಮುಚ್ಚುವ ಮೊದಲು ಅಳಿಯ ಅದರ ಫೋಟೋ ತೆಗೆದ, ವಿಡಿಯೊ ತೆಗೆದ, ಪಕ್ಕದಲ್ಲಿ ಕೂತು ತನ್ನದನ್ನೂ ತೆಗೆಸಿಕೊಂಡ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ನಮ್ಮಲ್ಲಿ ಅಷ್ಟು ಹೊತ್ತು ಯಾರೂ ನೋಡುವುದಿಲ್ಲ.

ಈಗ ರಸ್ತೆ. ಕನ್ಯಾನದಿಂದ ವಿಟ್ಲಕ್ಕೆ ಹೋಗುವಾಗ ಮುಂದೆ ಬಸ್ಸು, ಅದರ ಮುಂದೆ ಗೊಬ್ಬರದ ಪಿಕಪ್ಪು, ಅದರ ಮುಂದೆ ಒಂದು ದನ. ಶಾಲೆಗೊಂದು ಹಂಪು, ಮಸೀದಿಗೊಂದು, ದೇವಸ್ಥಾನಕ್ಕೊಂದು, ಯಾರಿಗೆಂದು ಗೊತ್ತಿಲ್ಲದ್ದು ಮೂರು. ನಾಲ್ಕನೇ ಗೇರಿಗೆ ಹೋದರಲ್ಲವೇ ಎರಡಕ್ಕೆ ಒದೆಯುವುದು? ಹೀಗೆಂದು ನಾನು ಕಾಲೆಳೆದರೆ ಅಳಿಯ ಚಾರ್ಮಾಡಿ ಘಾಟಿಯ ಮಾತೆತ್ತುತ್ತಾನೆ. ಅಲ್ಲಿ ಅವನ ಮಾತನ್ನು ಒಪ್ಪಬೇಕು. ಮಳೆ ಹನಿಯುತ್ತಿರುವಾಗ, ತಿರುವಿನಲ್ಲಿ ಕೆಂಪು ಮಣ್ಣು ಹರಡಿರುವಾಗ, ಎದುರಿಗೆ ಬಸ್ಸು ರಸ್ತೆಯ ಮುಕ್ಕಾಲನ್ನು ತನ್ನದೆಂದು ಬರುವಾಗ ಯಾರ ಕಾಲಾದರೂ ಅವಸರ ಮಾಡುತ್ತದೆ. ಆಗ ಹಿಂದಿನ ಚಕ್ರ ನೆಟ್ಟಗೆ ಬರುವುದು ದೊಡ್ಡ ಉಪಕಾರ. ರೇಸಿನವರು ಸೆಕೆಂಡಿನ ಚೂರಿಗಾಗಿ ಹುಡುಕಿದ್ದು ನಮ್ಮ ಆಟಿಯ ಮಳೆಗೆ ಹೆಚ್ಚು ಒಗ್ಗಿತು ಎಂದೇ ನನ್ನ ಅಭಿಪ್ರಾಯ. ಇಳಿಯುವ ವಿದ್ಯೆಯಲ್ಲಿ ನಮ್ಮ ಬಂಟ್ವಾಳ ತಾಲೂಕು ಯಾರಿಗೂ ಕಡಿಮೆಯಿಲ್ಲ ಬಿಡಿ. ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆಮರ ಹತ್ತಿ ಇಳಿಯುವ ಬೈಕನ್ನೇ ಮಾಡಿದರು. 2019ರಲ್ಲಿ ಆನಂದ್ ಮಹೀಂದ್ರ ಅದರ ವಿಡಿಯೊ ಟ್ವೀಟ್ ಮಾಡಿದ ಮೇಲೆ ದೇಶವೆಲ್ಲ ನೋಡಿತು. ಭಾವನ ಪ್ರಕಾರ ಲೋಕದಲ್ಲಿ ಅರ್ಥವುಳ್ಳ ಬೈಕು ಅದೊಂದೇ.

ಆದರೆ ನಿಜವಾದ ಸ್ವಾರಸ್ಯ ಆಮೇಲಿನದ್ದು. ಎಡೆಬಿಡದ ಮಳೆಗೆ ಗಾಡಿ ಶೆಡ್ಡಿನಲ್ಲಿ ದಿನಗಟ್ಟಲೆ ನಿಂತು ಬ್ಯಾಟರಿ ಇಳಿಯಿತು. ಬಟನ್ ಒತ್ತಿದರೆ ಟಿಕ್ ಟಿಕ್ ಎಂದು ಸತ್ತೆನೋ ಕೆಟ್ಟೆನೋ ಎನ್ನುತ್ತದೆ. ಕಿಕ್ಕರು ಇಲ್ಲ. ಅಕ್ಕನ ಮನೆಯಿಂದ ರಸ್ತೆಗೆ ಒಳ್ಳೆಯ ಇಳಿಜಾರಿದೆ, ಮೊದಲೂ ಹೀಗೆ ದೂಡಿಯೇ ಎಬ್ಬಿಸಿದ್ದುಂಟು. ದೂಡಿದೆವು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ. ಎಂಜಿನ್ನು ಗೊರಕೆ ಹೊಡೆಯಿತು, ಏಳಲಿಲ್ಲ. ಮತ್ತೆ ಮೇಲೆ ಏರಿಸಿ ದೂಡಿದೆವು. ಅದೇ ಗೊರಕೆ. ಮೂರನೆಯ ಸಲ ನನಗೆ ಹೊಳೆಯಿತು. ಚಕ್ರ ಎಂಜಿನ್ನನ್ನು ತಿರುಗಿಸಬೇಕಲ್ಲ ಈಗ? ಅದಾಗಬಾರದು ಎಂದೇ ಅಲ್ಲವೇ ಚಾಲಿ ಮಾರಿದ್ದು! ದೂಡಿ ಸ್ಟಾರ್ಟ್ ಮಾಡುವುದೂ ಅದಕ್ಕೆ ಎಂಜಿನ್ ಬ್ರೇಕಿಂಗಿನ ಹಾಗೆಯೇ ಕಾಣುತ್ತದೆ, ಅದು ತನ್ನ ಧರ್ಮಕ್ಕೆ ಸರಿಯಾಗಿ ಜಾರುತ್ತದೆ. ಅಳಿಯ ಬೈಕಿನ ಮೇಲೆ ನೆನೆಯುತ್ತ ಕೂತು ಇದನ್ನು ಪೂರ್ತಿ ಕೇಳಿದ. "ಕೆಲಸ ಮಾಡ್ತಾ ಉಂಟು ಅಂತ ಆಯ್ತಲ್ಲ ಮಾವಾ" ಎಂದ. ಇದಕ್ಕೆ ಉತ್ತರವಿಲ್ಲ.

ಅವನನ್ನು ಸಮಾಧಾನ ಮಾಡಲಿಕ್ಕೆ ನಾನು ಸಿಲ್ವರ್‌ಸ್ಟೋನಿನ ಕತೆ ಹೇಳಿದೆ. 1979ರ ಬ್ರಿಟಿಷ್ ಗ್ರ್ಯಾನ್ ಪ್ರೀ, ಆ ಎನ್‌ಆರ್ 500ರ ಮೊದಲ ರೇಸು. ಆಗೆಲ್ಲ ರೇಸು ಶುರುವಾಗುವುದೇ ಸವಾರರು ಗಾಡಿ ದೂಡಿ ಓಡುವುದರಿಂದ. ಹೋಂಡಾದವರ ಗಾಡಿಯನ್ನು ದೂಡಿ ಎಬ್ಬಿಸುವುದೇ ಒಂದು ಸಾಹಸವಾಗಿತ್ತು. ಅವರ ಸವಾರರಲ್ಲಿ ಮಿಕ್ ಗ್ರಾಂಟ್ ಮೊದಲ ತಿರುವಿನಲ್ಲೇ ಬಿದ್ದ, ಕತಯಾಮ ಅರ್ಧದಲ್ಲಿ ನಿಲ್ಲಿಸಿದ. ಅಂಥ ಕಂಪನಿಯದ್ದೇ ಅವಸ್ಥೆ ಹಾಗಾದರೆ ಕನ್ಯಾನದ್ದು ಯಾವ ಲೆಕ್ಕ? ಅಳಿಯನಿಗೆ ಇದರಿಂದ ಎಷ್ಟು ಉತ್ಸಾಹ ಬಂತೆಂದರೆ, ಬ್ಯಾಟರಿ ಚಾರ್ಜಿಗೆ ಇಟ್ಟು ಬರುವಷ್ಟರಲ್ಲಿ ಅಂಗಡಿಕಟ್ಟೆಯಲ್ಲಿ, "ನಂದೂ ಹೋಂಡಾದ ರೇಸ್ ಗಾಡಿಯೂ ಒಂದೇ ಪ್ರಾಬ್ಲಮ್" ಎಂದು ಹೇಳಿ ಆಗಿತ್ತು.

ಇಡೀ ವ್ಯವಹಾರದಲ್ಲಿ ಊರಿಗೆ ಕಣ್ಣಿಗೆ ಕಾಣುವಂತೆ ದಕ್ಕಿದ್ದು ಒಂದೇ, ಹಬ್ಬಿನ ನಟ್ಟು ಬಿಗಿಯಲಿಕ್ಕೆಂದು ಅಳಿಯ ತರಿಸಿದ ಟಾರ್ಕ್ ವ್ರೆಂಚ್. ಹಿಡಿಯ ಮೇಲೆ ಅಳತೆ ಇಟ್ಟು ಬಿಗಿದರೆ ಅಷ್ಟಕ್ಕೆ ಬಂದಾಗ ಟಿಕ್ ಎನ್ನುವ ಜಾತಿ, ಅಲ್ಲಿಗೆ ನಿಲ್ಲಿಸಬೇಕು. ಅದು ಈಗ ಅಕ್ಕನ ಮನೆಯಲ್ಲಿ ಇರುವ ದಿನವೇ ಅಪರೂಪ. ಜೀಪಿನ ಚಕ್ರಕ್ಕೆ ಹೋಗಿರುತ್ತದೆ, ಇಲ್ಲದಿದ್ದರೆ ಅಡಿಕೆ ಸುಲಿಯುವ ಮೆಷಿನ್ನಿಗೆ. ಮೊನ್ನೆ ಭಾವ ಅದನ್ನು ತೋಟದ ಪಂಪಿಗೆ ಒಯ್ದಿದ್ದರು. ವಾಪಸು ತಂದು ಮಗನ ಕೈಗೆ ಕೊಡುತ್ತಾ ಹೇಳಿದರು, "ಸಾಮಾನು ಒಳ್ಳೆದುಂಟು ಮಾರಾಯ. ಟಿಕ್ ಅಂತ ಹೇಳ್ತದೆ. ಹೇಳಿದ ಮೇಲೆ ಇನ್ನೊಂದು ಸುತ್ತು ಬಿಗಿದೆ, ಗಟ್ಟಿ ಇರಲಿ ಅಂತ."