ಡಬ್ಬಿಗೊಂದು ನಂಬರ್ ಕೊಡ್ತೀರಾ?

ನಿಜ ಹೇಳಿ, ನಿಮ್ಮ ಅಡುಗೆಮನೆಯ ಹಾರ್ಲಿಕ್ಸ್ ಬಾಟಲೀಲಿ ಹಾರ್ಲಿಕ್ಸ್ ಇದ್ದದ್ದು ಯಾವ ಕಾಲದಲ್ಲಿ? ಈಗ ಅದರಲ್ಲಿ ಮೆಂತ್ಯ ತಾನೇ? (ಧನಿಯಾ ಇರಬಹುದಾ? ನೋಡಿ, ನಿಮಗೇ ಗ್ಯಾರಂಟಿ ಇಲ್ಲ.) ಫ್ರಿಜ್‌ನಿಂದ ಐಸ್‌ಕ್ರೀಂ ಡಬ್ಬಿ ತೆಗೆದ ಮಗು ಒಳಗಿನ ದೋಸೆಹಿಟ್ಟು ನೋಡಿ ಅತ್ತದ್ದೂ ನಿಮ್ಮ ಮನೇಲೇ!

ಗೋದಾಮುಗಳಲ್ಲಿ ಇಂಥ ಆಟ ನಡೆಯಲ್ಲ ರೀ. ಅಲ್ಲಿ ಪ್ರತಿ ಕ್ರೇಟಿಗೂ ಬಾರ್‌ಕೋಡ್. ಮಜಾ ಏನು ಗೊತ್ತಾ? ಸ್ಟಿಕರ್ ಮೇಲೆ ‘ತೊಗರಿಬೇಳೆ’ ಅಂತ ಇರಲ್ಲ, ಬರೀ ಕ್ರೇಟಿನ ನಂಬರ್. ಒಳಗೇನಿದೆ, ಯಾವತ್ತು ತುಂಬಿದ್ದು, ಎಲ್ಲ ಕಂಪ್ಯೂಟರಲ್ಲಿ. ನಾಳೆ ಬೇಳೆ ತೆಗೆದು ಕಡಲೆ ಸುರಿದರೂ ಸ್ಟಿಕರ್ ಕೀಳೋ ಕೆಲಸವಿಲ್ಲ. (ಅಂಗಡಿ ಕೌಂಟರಿನಲ್ಲಿ ಈಗಿನ ಬಾರ್‌ಕೋಡ್ ಮೊದಲು ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋದಲ್ಲಿ. ಸಾಮಾನು? ಚೂಯಿಂಗ್ ಗಮ್ ಪ್ಯಾಕು!)

ಪಣಂಬೂರು ಬಂದರಿನ ಕಡೆ ಲಾರಿ ಮೇಲೆ ಹೋಗೋ ಕಂಟೇನರ್ ನೋಡಿದ್ದೀರಲ್ಲ? ನಾಲ್ಕು ಅಕ್ಷರ, ಏಳು ಅಂಕಿ. ಕೊನೇ ಅಂಕಿ ಅದರ ಹಿಂದಿನವನ್ನೆಲ್ಲ ಲೆಕ್ಕ ಹಾಕಿ ಬಂದದ್ದು. ಯಾರೋ ನಿದ್ದೆಗಣ್ಣಲ್ಲಿ ಮೂರರ ಬದಲು ಎಂಟು ಬರೆದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳ್ತಾರೆ. ನಿಮ್ಮ ದಿನಸಿ ಚೀಟಿಗೂ ಇಂಥದ್ದೊಂದು ಬೇಕಿತ್ತು!

ಏನಂದ್ರಿ, ನೇರ ಆರ್‌ಎಫ್‌ಐಡಿ ಹಾಕಿಸ್ತೀರಾ? ನಿಮ್ಮ ಕಾರಿನ ಗಾಜಿಗೆ ಅಂಟಿರೋ ಫಾಸ್ಟ್ಯಾಗ್ ಅದೇ ಜಾತಿ. ಬ್ಯಾಟರಿ ಇಲ್ಲ, ಟೋಲಿನ ರೀಡರ್ ಬಿಡೋ ರೇಡಿಯೋ ಅಲೆಯಿಂದಲೇ ಶಕ್ತಿ ಹೀರಿಕೊಂಡು ತನ್ನ ನಂಬರ್ ಹೇಳುತ್ತೆ. ಆದರೆ ನಿಮ್ಮ ಡಬ್ಬಿಗಳೆಲ್ಲ ಸ್ಟೀಲು ಮಾರಾಯ್ರೆ! ಮಾಮೂಲಿ ಟ್ಯಾಗನ್ನ ಲೋಹಕ್ಕೆ ಅಂಟಿಸಿದರೆ ಅದು ಬಾಯೇ ಬಿಡಲ್ಲ. ಲೋಹಕ್ಕಂತಲೇ ಮಾಡಿದ ಟ್ಯಾಗ್ ಬೇಕು, ಅದು ದುಬಾರಿ. ಸಾಸಿವೆ ಡಬ್ಬಿಗೆ ಅಷ್ಟು ಭಾಗ್ಯ ಬೇಕಾ?

ಹೋಗ್ಲಿ, ಅಂಟಿಸಿದ್ರಿ ಅಂತಲೇ ಇಟ್ಕೊಳ್ಳೋಣ. ಭಾನುವಾರ ಭಾರೀ ಉತ್ಸಾಹ, ಎಲ್ಲ ಡಬ್ಬಿ ಫೋನಿಗೆ ಏರಿಸಿದ್ದೀರಿ. ಬುಧವಾರ ಅವಸರಕ್ಕೆ ರವೆ ಸುರಿದು ಉಪ್ಪಿಟ್ಟು ಮಾಡಿ ಮುಗಿಸಿದ್ರಿ. ಫೋನು ಮಾತ್ರ ‘ರವೆ ಎರಡು ಕೆಜಿ’ ಅಂತ ಕೂತಿದೆ. ಗೋದಾಮಿನವರಿಗೂ ಇದೇ ರೋಗ. ಸ್ಕ್ಯಾನ್ ಮಾಡದೆ ಕ್ರೇಟ್ ಕದಲಿಸಿದರೆ ಲೆಕ್ಕ ಸುಳ್ಳು. ಅದಕ್ಕೇ ಆಗಾಗ ಕೈಯಲ್ಲೇ ಎಣಿಸ್ತಾರೆ.

ಪಾತ್ರೆ ಅಂಗಡೀಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸ್ತಿದ್ದ ನಿಮ್ಮಜ್ಜಿಯೇ ಜಾಣೆ. ಚಕ್ಕುಲಿ ತುಂಬಿ ಪಕ್ಕದ ಮನೆಗೆ ಹೋದ ಡಬ್ಬಿ ಹೆಸರಿನ ಬಲದಿಂದಲೇ ವಾಪಸ್ ಬರ್ತಿತ್ತು. ಈಗ ಹೇಳಿ, ನಿಮ್ಮ ಅಟ್ಟದ ಮೇಲೆ ಪರರ ಹೆಸರಿನ ಡಬ್ಬಿ ಎಷ್ಟಿವೆ? (ಆ ಕಡೆ ಈ ಕಡೆ ನೋಡಬೇಡಿ.) ಈ ಭಾನುವಾರ ಇಳಿಸಿ, ತೊಳೆದು, ಕೊಟ್ಟುಬನ್ನಿ. ಖಾಲಿ ಕೊಡಬೇಡಿ ಮತ್ತೆ, ಒಂದು ಹಿಡಿ ಸಕ್ಕರೆಯಾದರೂ ಹಾಕಿ.